ಶೀಗಿ ಹುಣ್ಣಿಮೆಯ ಚರಗ ಮತ್ತು ಮನೆಯ ದಾಸೋಹ

ಆಶ್ವೀಜ ಮಾಸವು ಬಂದಿತೆಂದರೆ ಮಲಪ್ರಭೆಯ ದಂಡೆಯ ಹೊಳೆಆಲೂರಿನ ಸೀಮೆಯು ಹೊಸದೊಂದು ಕಳೆಯನ್ನು ತಾಳುವುದು. ಮುಂಗಾರಿಯ ಹೆಸರು ರಾಶಿಯಾಗಿ ಆಗಲೇ ಮನೆ ಸೇರಿರುತ್ತದೆ. ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿಗಳು ಇನ್ನೂ ಹೊಲದಲ್ಲಿಯೇ ನಿಂತಿರುತ್ತವೆ. ಎರೆಯ ಭೂಮಿಯಲ್ಲಿ ಹಿಂಗಾರಿಯ ಬಿಳಿಜೋಳವು ಆಗತಾನೆ ಮೊಳೆತು ಸಾಲು ಹಿಡಿಯುತ್ತಿರುತ್ತದೆ. ಕಡಲೆಯ ಬಿತ್ತಿಗೆಗೆ ಕೂರಿಗೆಗಳು ಸಜ್ಜಾಗುತ್ತಿರುತ್ತವೆ. ಮಳೆಗಾಲದ ಕೆನ್ನೀರು ಇಳಿದು ಹೊಳೆಯು ತಿಳಿಯಾಗತೊಡಗುವ ಕಾಲವೂ ಇದೇ ಆಗಿದೆ. ಆಶ್ವೀಜ ಕಾರ್ತಿಕಗಳೆರಡೂ ಕೂಡಿದ ಈ ಕಾಲಕ್ಕೆ ಹಿರಿಯರು ಶರದೃತುವೆಂದು ಹೆಸರಿಟ್ಟಿರುವರು.

ಈ ಋತುವಿನ ಹಬ್ಬಗಳನ್ನು ಸಾಲಾಗಿ ಇಟ್ಟು ನೋಡಿದರೆ ಅವುಗಳಲ್ಲಿ ಒಂದೇ ಎಳೆಯು ಹಾದುಹೋಗಿರುವುದು ಕಾಣುತ್ತದೆ. ಮಹಾನವಮಿಯಲ್ಲಿ ಒಕ್ಕಲಿಗನು ಕುಡಗೋಲು ಕೂರಿಗೆಗಳನ್ನೂ, ಕಮ್ಮಾರನು ತಿದಿ ಸುತ್ತಿಗೆಗಳನ್ನೂ, ನೇಕಾರನು ಮಗ್ಗವನ್ನೂ ಪೂಜಿಸುವನು; ಇದು ಕಾಯಕದ ಉಪಕರಣಗಳ ಸ್ಮರಣೆ. ವಿಜಯದಶಮಿಯಂದು ಒಬ್ಬರು ಮತ್ತೊಬ್ಬರಿಗೆ ಬನ್ನಿ ಕೊಟ್ಟು ಬಂಗಾರದಂತೆ ಇರೋಣವೆಂದು ಹಾರೈಸುವರು. ಇದು ನೆರೆಹೊರೆಯ ಜನರ ಸ್ಮರಣೆ. ಐದು ದಿನಗಳು ಕಳೆದರೆ ಶೀಗಿ ಹುಣ್ಣಿಮೆ. ಇದು ಭೂಮಿಯ ಸ್ಮರಣೆ. ಅಲ್ಲಿಂದ ಹದಿನೈದು ದಿನಗಳಿಗೆ ದೀಪಾವಳಿ; ಆಗ ದನಕರುಗಳಿಗೆ ಮೈ ತೊಳೆದು, ಕೊರಳು ಕೋಡುಗಳನ್ನು ಸಿಂಗರಿಸಿ, ಹಟ್ಟಿಯನ್ನು ಪೂಜಿಸುವರು. ಹೀಗೆ ಸುಮಾರು ಮೂರು ವಾರಗಳಲ್ಲಿ ಒಂದು ಕುಟುಂಬವು ತನ್ನ ತುತ್ತಿಗೆ ಕಾರಣವಾದ ನಾಲ್ಕು ಮೂಲಗಳನ್ನು ಒಂದಾದಮೇಲೊಂದರಂತೆ ನೆನೆಯುವುದು. ಇವುಗಳಲ್ಲಿ ಶೀಗಿ ಹುಣ್ಣಿಮೆಯ ಆಚರಣೆಯನ್ನು ಮುಖ್ಯವಾಗಿ ತೆಗೆದುಕೊಂಡು, ಶರಣರ ಬೋಧೆಯ ಬೆಳಕಿನಲ್ಲಿ ಅದರ ಅರ್ಥವನ್ನು ವಿಚಾರಿಸುವುದು ಈ ಪಾಠದ ಉದ್ದೇಶವಾಗಿದೆ.

ಚರಗದ ಸ್ವರೂಪ

ಶೀಗಿ ಹುಣ್ಣಿಮೆಯ ಹಿಂದಿನ ರಾತ್ರಿಯಿಂದಲೇ ಮನೆಯ ಹೆಣ್ಣುಮಕ್ಕಳು ಅಡಿಗೆಗೆ ತೊಡಗುವರು. ಬಿಳಿಜೋಳದ ರೊಟ್ಟಿ, ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ, ಕಡುಬು, ಎಣ್ಣೆಗಾಯಿ, ಪುಂಡಿಪಲ್ಯ, ಕಾಳುಪಲ್ಯ, ಗುರೆಳ್ಳು ಅಗಸಿಗಳ ಚಟ್ನಿ, ಮೊಸರಿನ ಬುತ್ತಿ ಇವೆಲ್ಲವೂ ಬುಟ್ಟಿಗಳಲ್ಲಿ ತುಂಬುವವು. ಬೆಳಗಾದ ಮೇಲೆ ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು, ಈಗೀಗ ಟ್ರ್ಯಾಕ್ಟರುಗಳಲ್ಲಿ ಕುಳಿತು, ಹೊಲಕ್ಕೆ ಹೋಗುವರು. ಬನ್ನಿಯ ಗಿಡದ ಕೆಳಗೋ ಬದುವಿನ ಮೇಲೋ ಐದು ಕಲ್ಲುಗಳನ್ನಿಟ್ಟು, ಸುಣ್ಣ ಹಚ್ಚಿ, ಪೂಜೆ ಮಾಡಿ ಎಡೆ ಇಡುವರು. ಬಳಿಕ ಒಬ್ಬನು ಎಡೆಯ ಅನ್ನವನ್ನು ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲುತ್ತ ನಡೆದರೆ, ಮತ್ತೊಬ್ಬನು ಹಿಂದಿನಿಂದ ನೀರು ಚಿಮುಕಿಸುತ್ತ ಬರುವನು. ಇದಕ್ಕೇ ಚರಗ ಚೆಲ್ಲುವುದೆಂದು ಹೆಸರು. ಚರಗವಾದ ಹೊರತು ಯಾರೂ ಬಾಯಿಗೆ ತುತ್ತಿಡುವುದಿಲ್ಲ.

ಭೂತಾಯಿಯು ಈ ಕಾಲದಲ್ಲಿ ತುಂಬು ಬಸುರಿಯೆಂದೂ, ಬಸುರಿಯ ಬಯಕೆಯನ್ನು ತೀರಿಸುವುದು ತೌರಿನವರ ಧರ್ಮವೆಂದೂ ಜನಪದರ ಭಾವನೆ. ಆದುದರಿಂದ ಕೆಲವೆಡೆ ಬನ್ನಿಯ ಗಿಡಕ್ಕೆ ಹಸಿರು ಸೀರೆ ಉಡಿಸಿ, ಬಳೆಯಿಟ್ಟು, ಉಡಿ ತುಂಬುವರು. ಮಲೆನಾಡಿನಲ್ಲಿ ಇದೇ ದಿನವನ್ನು ಭೂಮಿ ಹುಣ್ಣಿಮೆಯೆಂದು ಕರೆಯುವರು. ಹೆಸರು ಬೇರೆ, ಅಡಿಗೆ ಬೇರೆ, ಭಾವವೊಂದೇ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಲೋಕದ ಅನೇಕ ಕಡೆಗಳಲ್ಲಿ ಕೃತಜ್ಞತೆಯ ಹಬ್ಬವು ಸುಗ್ಗಿಯಾದ ಮೇಲೆ ಬರುತ್ತದೆ. ಅಮೆರಿಕಾ ದೇಶದಲ್ಲಿ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರದಂದು ಕುಟುಂಬದವರೆಲ್ಲ ಕೂಡಿ ಉಣ್ಣುವ ಹಬ್ಬವು, ಬೆಳೆಯು ಕೈಗೆ ಬಂದುದಕ್ಕಾಗಿ ದೇವರನ್ನು ವಂದಿಸುವ ಪದ್ಧತಿಯಿಂದ ಹುಟ್ಟಿದುದು. ಆದರೆ ಮಲಪ್ರಭೆಯ ಸೀಮೆಯ ಒಕ್ಕಲಿಗನು ಚರಗ ಚೆಲ್ಲುವಾಗ ಹಿಂಗಾರಿಯ ಒಂದು ತೆನೆಯೂ ಹೊರಬಿದ್ದಿರುವುದಿಲ್ಲ. ಬಿಳಿಜೋಳವು ಗೇಣುದ್ದವಿರುತ್ತದೆ. ಹತ್ತಿಯು ಬಿರಿಯುವುದೋ ಹುಳು ಬೀಳುವುದೋ ತಿಳಿಯದು. ಫಲವು ಕೈಗೆ ಬರುವ ಮೊದಲೇ, ಬರುವುದೆಂಬ ಭರವಸೆಯೂ ಇಲ್ಲದಾಗಲೇ, ಅವನು ಇದ್ದ ಕಾಳನ್ನು ಬೇಯಿಸಿ ಮೊದಲ ಪಾಲನ್ನು ಮಣ್ಣಿಗೆ ಕೊಡುವನು. ಈ ಒಂದು ಸಂಗತಿಯಲ್ಲಿಯೇ ಶೀಗಿ ಹುಣ್ಣಿಮೆಯ ಸಾರವೆಲ್ಲ ಅಡಗಿದೆ.

ಇಷ್ಟಲಿಂಗಧಾರಿಗೆ ಇದೇಕೆ?

ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸಿದ ಭಕ್ತನಿಗೆ ಕಲ್ಲು ಮರಗಳ ಪೂಜೆಯೇಕೆಂದು ಕೆಲವರು ಕೇಳುವುದುಂಟು. ಪ್ರಶ್ನೆಯು ಯೋಗ್ಯವಾದುದೇ. ಹನ್ನೆರಡನೆಯ ಶತಮಾನದ ಶರಣರು ಭಯದಿಂದ ಹುಟ್ಟಿದ ಪೂಜೆಯನ್ನು ಎಂದೂ ಮನ್ನಿಸಲಿಲ್ಲ. ಚರಗ ಚೆಲ್ಲದಿದ್ದರೆ ಭೂತವು ಬೆಳೆಯನ್ನು ತಿಂದೀತೆಂದು ಅಂಜಿ ಚೆಲ್ಲುವವನು ಶರಣರ ಮಾರ್ಗದಲ್ಲಿ ನಡೆದಂತಾಗುವುದಿಲ್ಲ. ಐದು ಕಲ್ಲುಗಳು ತನಗೆ ಬೇಡಿದುದನ್ನು ಕೊಡುವುವೆಂದು ನಂಬಿದವನೂ ಹಾಗೆಯೇ.

ಆದರೆ ಭಯವನ್ನೂ ಬೇಡಿಕೆಯನ್ನೂ ತೆಗೆದುಹಾಕಿದ ಮೇಲೆ ಚರಗದಲ್ಲಿ ಉಳಿಯುವುದೇನು? ಅರ್ಪಣೆ ಉಳಿಯುತ್ತದೆ, ಹಂಚಿಕೆ ಉಳಿಯುತ್ತದೆ. ಅರ್ಪಿಸಿ ಸ್ವೀಕರಿಸಿದ ಪದಾರ್ಥವು ಪ್ರಸಾದವೆನಿಸುವುದು. ಸ್ವೀಕರಿಸಿದುದನ್ನು ಹಂಚಿಕೊಂಡರೆ ಅದು ದಾಸೋಹವೆನಿಸುವುದು. ಹೊಲದಲ್ಲಿ ಚೆಲ್ಲಿದ ಅನ್ನವನ್ನು ಇರುವೆಯು ಒಯ್ಯುತ್ತದೆ, ಗುಬ್ಬಿ ಕಾಗೆಗಳು ಆರಿಸುತ್ತವೆ, ಉಳಿದುದು ಮಣ್ಣಿಗೆ ಗೊಬ್ಬರವಾಗುತ್ತದೆ. ಒಂದು ಅಗುಳೂ ವ್ಯರ್ಥವಾಗುವುದಿಲ್ಲ. ಇಷ್ಟಲಿಂಗದ ಪೂಜೆಯನ್ನು ಮುಗಿಸಿ, ಲಿಂಗಕ್ಕೆ ಅರ್ಪಿಸಿದ ಪ್ರಸಾದವನ್ನೇ ಹೊಲಕ್ಕೊಯ್ದು ಸಕಲ ಜೀವಿಗಳೊಡನೆ ಹಂಚಿಕೊಳ್ಳುವ ಭಕ್ತನಿಗೆ ಚರಗವು ಭವಿಯ ಆಚಾರವಾಗದೆ ದಾಸೋಹದ ವಿಸ್ತಾರವೇ ಆಗುವುದು.

ಶರಣರ ದೃಷ್ಟಿಯಲ್ಲಿ ಉಪಕಾರಸ್ಮರಣೆ

ಮುದನೂರಿನ ಜೇಡರ ದಾಸಿಮಯ್ಯನವರು ಮಗ್ಗದ ಮುಂದೆ ಕುಳಿತು ನೆಯ್ಗೆಯ ಕಾಯಕದಿಂದ ಬಾಳಿದವರು. ಅವರ ಪ್ರಸಿದ್ಧವಾದ ವಚನವೊಂದರ ಅಭಿಪ್ರಾಯವೇನೆಂದರೆ: ಕಾಲಿಡುವ ನೆಲ, ಅದರಲ್ಲಿ ಬರುವ ಫಸಲು, ಮೈಗೆ ಸೋಂಕುವ ಗಾಳಿ ಇವೆಲ್ಲವೂ ಶಿವನೇ ಕೊಟ್ಟ ಕೊಡುಗೆಗಳಾಗಿರುವಲ್ಲಿ, ಅವನ್ನು ಉಂಡು ಬಾಳುವವರು ಕೊಟ್ಟವನನ್ನು ಮರೆತು ಬೇರೊಬ್ಬರನ್ನು ಹೊಗಳಿದರೆ ಅವರನ್ನು ಏನೆಂದು ಕರೆಯಬೇಕು? ಕೃತಜ್ಞತೆಯ ಶಾಸ್ತ್ರವನ್ನೆಲ್ಲ ಈ ಒಂದು ಪ್ರಶ್ನೆಯು ಒಳಗೊಂಡಿದೆ. ನೆಲದ ಹಕ್ಕುಪತ್ರವು ಒಬ್ಬನ ಹೆಸರಿನಲ್ಲಿರಬಹುದು. ಆದರೆ ನೆಲವನ್ನು ಮಾಡಿದವನು ಅವನಲ್ಲ. ಬೀಜವನ್ನು ಹಣ ಕೊಟ್ಟು ತಂದಿರಬಹುದು. ಆದರೆ ಬೀಜದೊಳಗಿನ ಮೊಳಕೆಯನ್ನು ಯಾವ ಅಂಗಡಿಯವನೂ ಇಟ್ಟವನಲ್ಲ. ನನ್ನದು ಎಂಬ ಮಾತಿನ ಹಿಂದೆ ತನ್ನದಲ್ಲದ ಎಷ್ಟು ಸಂಗತಿಗಳಿವೆಯೆಂಬುದನ್ನು ಕಂಡುಕೊಂಡವನೇ ಕೃತಜ್ಞನು.

ಒಕ್ಕಲಿಗ ಮುದ್ದಣ್ಣನವರು ಬೇಸಾಯದ ಪರಿಭಾಷೆಯಲ್ಲಿಯೇ ಅನುಭಾವವನ್ನು ಹೇಳಿದ ಶರಣರು. ಹೊಲವನ್ನು ಹಸನು ಮಾಡುವುದು, ಬಿತ್ತುವುದು, ಕಳೆ ಕೀಳುವುದು ಇವು ಅವರಿಗೆ ಹೊಟ್ಟೆಯ ಪಾಡು ಮಾತ್ರವಾಗಿರದೆ ಸಾಧನೆಯೇ ಆಗಿದ್ದವು. ಒಕ್ಕಲುತನವನ್ನು ಪೂಜೆಯಿಂದ ಬೇರೆಯೆಂದು ತಿಳಿಯದವನಿಗೆ ಹೊಲದಲ್ಲಿ ಕೈಮುಗಿಯುವುದು ಅಪರಿಚಿತವಾದ ಕರ್ಮವೆನಿಸದು.

ಬಸವಣ್ಣನವರಾದರೋ ಈ ವಿಷಯವನ್ನು ಹಕ್ಕಿಗಳಿಂದ ಕಲಿಯಿರೆಂದು ಅಪ್ಪಣೆ ಕೊಡಿಸಿರುವರು. ಒಂದೇ ಕಾಳು ಕಣ್ಣಿಗೆ ಬಿದ್ದರೂ ಕಾಗೆಯು ತಾನೊಂದೇ ತಿನ್ನದೆ ತನ್ನವರನ್ನೆಲ್ಲ ಕೂಗುವುದು. ಕೋಳಿಯೂ ಸಿಕ್ಕಿದುದನ್ನು ಒಂಟಿಯಾಗಿ ನುಂಗುವುದಿಲ್ಲ. ಭಕ್ತನೆನಿಸಿಕೊಂಡವನಿಗೆ ಅಷ್ಟಾದರೂ ಬುದ್ಧಿಯಿಲ್ಲದಿದ್ದರೆ ಅವನು ಆ ಹಕ್ಕಿಗಳಿಗಿಂತ ಕೀಳೆಂಬುದು ಅವರ ಆ ವಚನದ ತಾತ್ಪರ್ಯ. ಕಾಗೆಯು ಕಾಳನ್ನು ಕಂಡ ಕೂಡಲೇ ಕರೆಯುವುದೆಂಬುದನ್ನು ಗಮನಿಸಬೇಕು. ಹೊಟ್ಟೆ ತುಂಬಿದ ಮೇಲೆ ಮಿಕ್ಕಿದ್ದಕ್ಕೆ ಕರೆಯುವುದಿಲ್ಲ. ಚರಗದ ಕ್ರಮವೂ ಇದೇ ಅಲ್ಲವೆ?

ದಾನಕ್ಕೂ ದಾಸೋಹಕ್ಕೂ ಇರುವ ಭೇದವನ್ನು ಇಲ್ಲಿ ಮನಗಾಣಬೇಕು. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ಪಡೆದವನು ಉಪಕಾರವನ್ನು ನೆನೆಯಬೇಕೆಂದು ಲೋಕವು ಬಯಸುತ್ತದೆ. ದಾಸೋಹದಲ್ಲಿ ಕೊಡುವವನೇ ದಾಸನು. ಬಂದು ಉಂಡವರಿಂದ ತನ್ನ ಕಾಯಕವು ಸಾರ್ಥಕವಾಯಿತೆಂದು ಅವನೇ ಕೈಮುಗಿಯುವನು. ಹೀಗೆ ಶರಣಮಾರ್ಗದಲ್ಲಿ ಕೃತಜ್ಞತೆಯ ದಿಕ್ಕೇ ತಿರುಗಿಬಿಡುತ್ತದೆ. ಪಡೆದವನ ಬಾಯಿಮಾತಿನಲ್ಲಿ ಕಾಣುವುದಕ್ಕಿಂತ ಹೆಚ್ಚಾಗಿ ಅದು ಕೊಡುವವನ ನಡೆಯಲ್ಲಿ ಕಾಣಬೇಕಾದುದು.

ಲಕ್ಕಮ್ಮನವರ ಪಾಠ

ಕುಟುಂಬದಲ್ಲಿ ಈ ಗುಣವು ಹೇಗೆ ನೆಲೆಗೊಳ್ಳಬೇಕೆಂಬುದಕ್ಕೆ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ಶರಣದಂಪತಿಗಳ ಚರಿತ್ರೆಯು ಉತ್ತಮವಾದ ನಿದರ್ಶನ. ಅಮರೇಶ್ವರದ ಕಡೆಯಿಂದ ಕಲ್ಯಾಣಕ್ಕೆ ಬಂದ ಇವರು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ಜಂಗಮದಾಸೋಹವನ್ನು ನಡೆಸುತ್ತಿದ್ದರು. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರಿಗೆ ಸಂತೋಷವಾಗಲಿಲ್ಲ. ಇದು ಅವಶ್ಯಕ್ಕಿಂತ ಮಿಗಿಲಾದ ಆಸೆಯೆಂದು ಪತಿಯನ್ನು ಎಚ್ಚರಿಸಿ, ಹೆಚ್ಚಿನ ಅಕ್ಕಿಯನ್ನು ಅಲ್ಲಿಯೇ ಸುರಿದು ಬರಬೇಕೆಂದು ಹೇಳಿದರು. ಮಾರಯ್ಯನವರು ಹಾಗೆಯೇ ಮಾಡಿದರು.

ಈ ಕಥೆಯನ್ನು ಅನಾಶೆಯ ನಿದರ್ಶನವಾಗಿ ಸಾಮಾನ್ಯವಾಗಿ ಹೇಳುವರು. ಅದು ಸರಿಯೇ. ಆದರೆ ಅದರಲ್ಲಿ ಕೃತಜ್ಞತೆಯ ಪಾಠವೂ ಇದೆ. ಇದ್ದುದು ಸಾಕೆಂದು ಬಲ್ಲವರಿಗೆ ಮಾತ್ರ ಇದ್ದುದರ ಬೆಲೆ ತಿಳಿಯುವುದು. ಇನ್ನೂ ಬೇಕೆನ್ನುವ ಮನಸ್ಸಿಗೆ ಬಂದುದೆಲ್ಲವೂ ಕಡಿಮೆಯಾಗಿಯೇ ತೋರುವುದು. ಕಡಿಮೆಯೆಂದು ತೋರಿದುದಕ್ಕೆ ಯಾರೂ ಕೈಮುಗಿಯಲಾರರು. ಎರಡನೆಯ ಸಂಗತಿಯೇನೆಂದರೆ, ಇಲ್ಲಿ ಗಂಡನಿಗೆ ದಾರಿ ತೋರಿದವಳು ಹೆಂಡತಿ. ಅವಳ ಮಾತನ್ನು ಕೇಳಲು ಮಾರಯ್ಯನವರಿಗೆ ಸಂಕೋಚವಾಗಲಿಲ್ಲ. ಸತಿಪತಿಗಳಿಬ್ಬರೂ ಒಂದೇ ಮನಸ್ಸಿನಿಂದ ಮಾಡುವ ಭಕ್ತಿಯೇ ಶಿವನಿಗೆ ಮೆಚ್ಚಿಗೆಯೆಂದು ದಾಸಿಮಯ್ಯನವರೂ ಹೇಳಿದ್ದಾರೆ. ಅವರ ಧರ್ಮಪತ್ನಿ ದುಗ್ಗಳೆಯವರು ತಾವೂ ವಚನಕಾರ್ತಿಯಾಗಿದ್ದರು. ಕೃತಜ್ಞತೆಯು ಮನೆಯ ಯಜಮಾನನೊಬ್ಬನು ಎಲ್ಲರ ಪರವಾಗಿ ಮಾಡಿ ಮುಗಿಸುವ ವಿಧಿಯಲ್ಲ. ಮನೆಯವರೆಲ್ಲ ಕೂಡಿ ನಡೆಸುವ ವ್ರತ.

ನೆರೆ ಬಂದ ವರ್ಷದ ಹುಣ್ಣಿಮೆ

ಬೆಳೆಯು ನಳನಳಿಸುತ್ತಿರುವಾಗ ಕೃತಜ್ಞತೆಯನ್ನು ಬೋಧಿಸುವುದು ಸುಲಭ. ಬೆಳೆಯೂ ಮನೆಯೂ ಹೋದ ವರ್ಷ ಏನೆನ್ನಬೇಕು? ಹೊಳೆಆಲೂರಿನ ಸೀಮೆಯವರಿಗೆ ಇದು ಪುಸ್ತಕದ ಪ್ರಶ್ನೆಯಲ್ಲ.

ಮಲಪ್ರಭೆಯು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟನ್ನು ದಾಟಿ, ರಾಮದುರ್ಗ ನರಗುಂದಗಳ ಸೀಮೆಯಿಂದ ಇಲ್ಲಿಗೆ ಬರುತ್ತದೆ. ಮುಂದೆ ಬಾದಾಮಿಯ ಸೀಮೆಯಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಶಿವಯೋಗಮಂದಿರವನ್ನೂ, ಪಟ್ಟದಕಲ್ಲು ಐಹೊಳೆಗಳನ್ನೂ ಮುಟ್ಟಿ, ಸುಮಾರು 300 ಕಿಲೋಮೀಟರು ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವುದು. ಹೊಳೆಆಲೂರಿನ ದಂಡೆಯನ್ನು ಸೋಂಕಿದ ನೀರೇ ಬಸವಣ್ಣನವರು ಸಾಧನೆ ಮಾಡಿದ, ಅಂಕಿತವಾಗಿ ವಚನ ವಚನಕ್ಕೂ ನೆನೆದ ಸಂಗಮವನ್ನು ಮುಟ್ಟುವುದೆಂಬುದು ಇಲ್ಲಿಯ ಭಕ್ತರಿಗೆ ಹೆಮ್ಮೆಯ ಮಾತು. ಆದರೆ ಇದೇ ಹೊಳೆಯು ಮುನಿದ ದಿನಗಳನ್ನೂ ಅವರು ಕಂಡಿದ್ದಾರೆ.

2009ರಲ್ಲಿ ಉತ್ತರ ಕರ್ನಾಟಕದ ಹಲವೆಡೆ ಮಳೆಗಾಲದ ಮೊದಲ ತಿಂಗಳುಗಳು ಕೊರತೆಯಲ್ಲಿಯೇ ಕಳೆದವು. ಆ ವರ್ಷ ಸೆಪ್ಟೆಂಬರ್ 28ರಂದು ವಿಜಯದಶಮಿ. ಬನ್ನಿ ಹಂಚಿದ ಕೈಗಳು ಆರುವ ಮೊದಲೇ ಮಳೆ ಹಿಡಿಯಿತು; ಅಕ್ಟೋಬರ್ 2ರವರೆಗೆ ಬಿಡದೆ ಸುರಿಯಿತು. ಮಲಪ್ರಭೆ, ಬೆಣ್ಣೆಹಳ್ಳ, ಕೃಷ್ಣೆ, ಭೀಮೆ, ತುಂಗಭದ್ರೆಗಳು ಒಂದೇ ಸಮನೆ ಉಕ್ಕಿ ದಂಡೆಯ ಊರುಗಳಿಗೆ ನುಗ್ಗಿದವು. ನಾಡಿನಲ್ಲಿ ಇನ್ನೂರಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ಮಣ್ಣಿನ ಮನೆಗಳು ಲೆಕ್ಕವಿಲ್ಲದಷ್ಟು ಕುಸಿದವು. ಅಕ್ಟೋಬರ್ 4ರಂದು ಶೀಗಿ ಹುಣ್ಣಿಮೆ ಬಂದಾಗ ದಂಡೆಯ ಹೊಲಗಳಲ್ಲಿ ಚರಗ ಚೆಲ್ಲಲು ಪೈರಿರಲಿಲ್ಲ, ಕೆಸರಿತ್ತು. ಮುಂದೆ 2019ರ ಆಗಸ್ಟ್ ತಿಂಗಳಲ್ಲಿಯೂ ಮಲಪ್ರಭೆಯು ಉಕ್ಕಿ ಹೊಳೆಆಲೂರು ಮೊದಲಾದ ಊರುಗಳನ್ನು ಪುನಃ ಕಾಡಿತು.

ಇಂತಹ ವರ್ಷದಲ್ಲಿ, ಎಲ್ಲವೂ ಶಿವನ ಕೊಡುಗೆಯಾದುದರಿಂದ ನಷ್ಟಕ್ಕೂ ಕೈಮುಗಿಯಿರಿ ಎಂದು ನೊಂದವರ ಮುಂದೆ ನಿಂತು ಉಪದೇಶಿಸುವುದು ಶರಣಧರ್ಮವಲ್ಲ. ಶರಣರು ನೋವನ್ನು ನೋವೆಂದೇ ಕರೆದವರು. ಬೆಳೆ ಕಳೆದುಕೊಂಡವನು ಅತ್ತರೆ ಅವನ ಭಕ್ತಿಗೆ ಕುಂದಿಲ್ಲ. ಸಮುದ್ರದ ದಡದಲ್ಲಿ ಮನೆ ಕಟ್ಟಿದವನು ತೆರೆಗಳಿಗೆ ಅಂಜಿದರೆ ಆದೀತೆ ಎಂಬ ದೃಷ್ಟಾಂತವನ್ನು ಅಕ್ಕಮಹಾದೇವಿಯವರು ಕೊಟ್ಟಿರುವುದುಂಟು. ಅಲ್ಲಿ ಅವರು ಹೇಳುತ್ತಿರುವುದು, ಲೋಕದಲ್ಲಿ ಹುಟ್ಟಿದ ಮೇಲೆ ಬರುವ ಸ್ತುತಿನಿಂದೆಗಳಿಗೆ ಕೋಪವನ್ನು ತಾಳದೆ ಸಮಾಧಾನದಿಂದಿರಬೇಕೆಂದು. ಆ ಮಾತನ್ನು ಹಿಡಿದು, ಹೊಳೆಯ ದಂಡೆಯಲ್ಲಿರುವವರು ನೆರೆಯನ್ನು ಸುಮ್ಮನೆ ಸಹಿಸಬೇಕೆಂದು ಅರ್ಥ ಮಾಡುವುದು ತಪ್ಪು. ಎತ್ತರದ ನೆಲದಲ್ಲಿ ಮನೆ ಕಟ್ಟುವುದೂ, ನ್ಯಾಯವಾಗಿ ಬರಬೇಕಾದ ಪರಿಹಾರವನ್ನು ಕೇಳುವುದೂ, ಬೆಳೆಗೆ ವಿಮೆ ಮಾಡಿಸುವುದೂ ಗೃಹಸ್ಥನ ಕರ್ತವ್ಯಗಳೇ. 2009ರ ನೆರೆಯ ಬಳಿಕ ಆಸರೆ ಯೋಜನೆಯಲ್ಲಿ ಅನೇಕ ಊರುಗಳವರಿಗೆ ಎತ್ತರದ ಸ್ಥಳಗಳಲ್ಲಿ ಮನೆಗಳನ್ನು ಕಟ್ಟಿಸಿಕೊಟ್ಟುದೂ ಈ ವಿವೇಕದಿಂದಲೇ.

ಹಾಗಾದರೆ ಆ ವರ್ಷದ ಕೃತಜ್ಞತೆಯೆಲ್ಲಿ? ನೆರೆ ಬಂದಾಗಲೆಲ್ಲ ಈ ನಾಡು ಕಂಡ ದೃಶ್ಯವೊಂದಿದೆ. ನೀರು ಮುಟ್ಟದ ಊರುಗಳ ಮನೆಮನೆಗಳಲ್ಲಿ ಹೆಣ್ಣುಮಕ್ಕಳು ರೊಟ್ಟಿ ಬಡಿದರು. ಅವುಗಳನ್ನು ಗಂಟು ಕಟ್ಟಿ, ಚಟ್ನಿ ಪುಡಿಯೊಡನೆ, ಆಶ್ರಯಕೇಂದ್ರಗಳಾಗಿದ್ದ ಶಾಲೆಗಳಿಗೂ ಮಠಗಳಿಗೂ ಕಳುಹಿಸಿದರು. ಕಳುಹಿಸಿದವರಿಗೆ ಉಣ್ಣುವವರ ಹೆಸರು ತಿಳಿಯದು. ಉಂಡವರಿಗೆ ಬಡಿದವರ ಮುಖ ತಿಳಿಯದು. ಹೊಲಕ್ಕೆ ಹೋಗಬೇಕಾದ ಚರಗವು ಆಗ ಮನುಷ್ಯರಿಗೆ ಬಂದಿತು. ನೀರು ಮುಟ್ಟದ ಮನೆಯು ತಾನು ಉಳಿದುದಕ್ಕೆ ಹೇಳಿದ ವಂದನೆಯು ಆ ರೊಟ್ಟಿಯೇ. ನೊಂದ ಮನೆಯು ಮುಂದಿನ ವರ್ಷ ಚೇತರಿಸಿಕೊಂಡು, ಮತ್ತೊಂದೂರಿನ ಕಷ್ಟಕ್ಕೆ ತಾನೂ ರೊಟ್ಟಿ ಕಳುಹಿಸಿದರೆ ಅದೇ ಅದರ ವಂದನೆ. ಮಾತಿನಿಂದ ಹೇಳಲಾಗದ ಕೃತಜ್ಞತೆಯನ್ನು ಕೈಗಳು ಹೀಗೆ ಹೇಳುವವು.

ನಿತ್ಯದ ದಿನಗಳಲ್ಲಿಯೂ ಇದಕ್ಕೆ ನಿದರ್ಶನವುಂಟು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳೂ, ಅವರ ಬಳಿಕ 2010ರಲ್ಲಿ ಲಿಂಗೈಕ್ಯರಾದ ಪುಟ್ಟರಾಜ ಗವಾಯಿಗಳೂ ತಾವು ಕಣ್ಣು ಕಾಣದವರಾಗಿದ್ದು, ಅಂಧ ಅನಾಥ ಮಕ್ಕಳಿಗೆ ಅನ್ನವನ್ನೂ ಸಂಗೀತವಿದ್ಯೆಯನ್ನೂ ಕೊಟ್ಟರು. ಅಲ್ಲಿಯ ದಾಸೋಹಕ್ಕೆ ಸೀಮೆಯ ಭಕ್ತರು ಕೊಟ್ಟ ಕಾಳುಕಡಿಯೇ ಆಧಾರವಾಯಿತು. ರಾಶಿಯ ಕಣದಿಂದ ಹೊರಟ ಒಂದು ಸೇರು ಜೋಳವು ಎಲ್ಲಿಯೋ ಒಬ್ಬ ಬಾಲಕನ ಕಂಠದಲ್ಲಿ ನಾದವಾಯಿತೆಂದರೆ, ಆ ಜೋಳವನ್ನು ಬೆಳೆದವನಿಗಿಂತ ಧನ್ಯನಾರು?

ಮನೆಯಲ್ಲಿ ನಡೆಸತಕ್ಕ ಕ್ರಮ

ಮೇಲೆ ಹೇಳಿದುದನ್ನು ಶರದೃತುವಿನ ಎರಡು ತಿಂಗಳುಗಳಲ್ಲಿ ಮನೆಮಂದಿಯೆಲ್ಲ ಕೂಡಿ ಆಚರಿಸಲು ಸುಲಭವಾದ ಕೆಲವು ಕ್ರಮಗಳನ್ನು ಇಲ್ಲಿ ಸೂಚಿಸಿದೆ.

ಒಂದು: ಸಂಜೆಯ ಲಿಂಗಪೂಜೆಯಾದ ಮೇಲೆ, ಪ್ರಸಾದಕ್ಕೆ ಕುಳಿತಾಗ, ಮನೆಯ ಪ್ರತಿಯೊಬ್ಬರೂ ತಮ್ಮ ಮುಂದಿನ ಅನ್ನದ ಹಿಂದಿರುವ ಒಂದು ಕಾಯಕವನ್ನು ಹೆಸರಿಸಬೇಕು. ಇಂದು ಬಿತ್ತಿದವನು, ನಾಳೆ ಕಳೆ ಕಿತ್ತವಳು, ನಾಡಿದ್ದು ಗಿರಣಿಯವನು, ಮರುದಿನ ಮಡಕೆ ಮಾಡಿದವನು. ಚಿಕ್ಕ ಮಕ್ಕಳಿಂದಲೇ ಇದನ್ನು ಆರಂಭಿಸಬೇಕು. ಒಂದು ರೊಟ್ಟಿಯ ಹಿಂದೆ ಎಷ್ಟು ಕೈಗಳಿವೆಯೆಂದು ತಿಂಗಳ ಕೊನೆಗೆ ಮಕ್ಕಳೇ ಎಣಿಸಿ ಬೆರಗಾಗುವರು. ಉಪದೇಶದಿಂದ ಬಾರದುದು ಎಣಿಕೆಯಿಂದ ಬರುವುದು.

ಎರಡು: ವಿಜಯದಶಮಿಯಂದು ಬನ್ನಿಯನ್ನು ಮೊದಲು ಮನಸ್ತಾಪವಿದ್ದವರಿಗೆ ಕೊಡಬೇಕು. ಕಿರಿಯರು ಹಿರಿಯರ ಕಾಲಿಗೆರಗುವುದು ಸಂಪ್ರದಾಯ. ಅದರೊಡನೆ ಹಿರಿಯರೂ ಕಿರಿಯರನ್ನು ಹತ್ತಿರ ಕರೆದು, ವರ್ಷದಲ್ಲಿ ಅವರಿಂದಾದ ಒಂದು ಉಪಕಾರವನ್ನು ಹೆಸರಿಸಿ ಹರಸುವುದು ಚಂದ. ಅತ್ತೆಯ ಬಾಯಿಂದ ಅಂತಹ ಒಂದು ಮಾತು ಕೇಳಿದ ಸೊಸೆಗೆ ಆ ಬನ್ನಿಯು ನಿಜವಾಗಿಯೂ ಬಂಗಾರವಾಗುವುದು.

ಮೂರು: ಶೀಗಿ ಹುಣ್ಣಿಮೆಯ ಅಡಿಗೆಯ ಭಾರವು ಹೆಂಗಸರ ಮೇಲೆ ಮಾತ್ರ ಬೀಳಬಾರದು. ನಡುರಾತ್ರಿಯಿಂದ ಒಲೆಯ ಮುಂದೆ ಕುಳಿತು ಬೆಂದವರನ್ನು ಕಡೆಯ ಪಂಕ್ತಿಗೆ ಕೂಡಿಸಿ, ಭೂತಾಯಿಯನ್ನು ಮಾತ್ರ ಕೊಂಡಾಡಿದರೆ ಆ ಪೂಜೆ ಅಪೂರ್ಣ. ನೀರು ತರುವುದು, ಕಾಯಿಪಲ್ಯ ಹೆಚ್ಚುವುದು, ಬುಟ್ಟಿ ಹೊರುವುದು, ಹೊಲದಲ್ಲಿ ಬಡಿಸುವುದು ಇವನ್ನು ಗಂಡಸರೂ ಮಕ್ಕಳೂ ವಹಿಸಿಕೊಳ್ಳಬೇಕು. ಅಡಿಗೆ ಮಾಡಿದ ತಾಯಂದಿರು ಆ ದಿನ ಮೊದಲ ಪಂಕ್ತಿಯಲ್ಲಿ ಕುಳಿತು ಉಣ್ಣಲಿ.

ನಾಲ್ಕು: ವರ್ಷವಿಡೀ ಹೊಲದಲ್ಲಿ ದುಡಿದ ಆಳುಮಕ್ಕಳನ್ನೂ ಅವರ ಮನೆಯವರನ್ನೂ ಚರಗಕ್ಕೆ ಕರೆತಂದು ಅದೇ ಪಂಕ್ತಿಯಲ್ಲಿ ಕೂಡಿಸಬೇಕು. ಅವರಿಗೆ ಸಲ್ಲಬೇಕಾದ ಕೂಲಿಯ ಬಾಕಿಯನ್ನು ಹಬ್ಬದ ಮೊದಲೇ ತೀರಿಸಬೇಕು. ಕೂಲಿಯನ್ನು ಉಳಿಸಿಕೊಂಡು ಹೋಳಿಗೆಯನ್ನು ಬಡಿಸುವುದು ದಾಸೋಹವಾಗಲಾರದು. ದುಡಿದವನ ಹಣವು ಉಪಕಾರವಲ್ಲ, ಋಣ. ಋಣ ತೀರಿದ ಮೇಲೆಯೇ ಉಪಕಾರದ ಮಾತು.

ಐದು: ರಾಶಿಯಾದಾಗ ಮಾರಾಟಕ್ಕೆ ಚೀಲ ತುಂಬುವ ಮೊದಲೇ ದಾಸೋಹದ ಪಾಲನ್ನು ತೆಗೆದಿಡಬೇಕು. ಅದು ಒಂದು ಸೇರಾದರೂ ಚಿಂತೆಯಿಲ್ಲ. ಮಿಕ್ಕಿದರೆ ಕೊಡುವೆನೆಂದವನಿಗೆ ಎಂದೂ ಮಿಗುವುದಿಲ್ಲ. ಆ ಪಾಲನ್ನು ಎಲ್ಲಿಗೆ ಕೊಡಬೇಕೆಂಬುದನ್ನು ಮನೆಯವರೆಲ್ಲ ಕುಳಿತು ನಿಶ್ಚಯಿಸಬೇಕು; ಅದರಲ್ಲಿ ಮಕ್ಕಳ ಮಾತಿಗೂ ಸ್ಥಾನವಿರಲಿ.

ಆರು: ಹೊಲವಿಲ್ಲದವರೂ, ಹೊಟ್ಟೆಪಾಡಿಗಾಗಿ ಹುಬ್ಬಳ್ಳಿ, ಬೆಂಗಳೂರು, ಗೋವೆಗಳಿಗೆ ಹೋಗಿರುವ ಕುಟುಂಬಗಳೂ ಈ ಹುಣ್ಣಿಮೆಯು ತಮಗಲ್ಲವೆಂದು ಭಾವಿಸಬೇಕಾಗಿಲ್ಲ. ಅನ್ನ ಉಣ್ಣುವವರೆಲ್ಲರಿಗೂ ಭೂಮಿಯ ಋಣವುಂಟು. ಬಾಡಿಗೆಯ ಮನೆಯ ಮಾಳಿಗೆಯ ಮೇಲೆ ಒಂದು ಹಿಡಿ ಕಾಳನ್ನು ಹಕ್ಕಿಗಳಿಗೆ ಚೆಲ್ಲಿ, ಒಂದು ಬೋಗುಣಿ ನೀರಿಟ್ಟು, ನೆರೆಮನೆಯವರನ್ನು ಕರೆದು ಕೂಡಿ ಉಂಡರೆ ಅದೂ ಚರಗವೇ. ಆ ದಿನ ಊರಿನಲ್ಲಿರುವ ತಂದೆತಾಯಿಗಳೊಡನೆ ಮಾತನಾಡುವುದನ್ನು ಮರೆಯಬಾರದು.

ಪಾಠದ ಸಾರ

ತನುವನ್ನು ಗುರುವಿಗೂ, ಮನವನ್ನು ಲಿಂಗಕ್ಕೂ, ಧನವನ್ನು ಜಂಗಮಕ್ಕೂ ಸವೆಸಬೇಕೆಂಬುದು ಶರಣರ ಬೋಧೆ. ಇವು ಮೂರೂ ತನ್ನವಲ್ಲವೆಂದು ಅರಿತವನಿಗೆ ಸವೆಸುವುದು ಕಷ್ಟವಾಗುವುದಿಲ್ಲ. ಕೊಟ್ಟವನಿಗೆ ಮರಳಿ ಒಪ್ಪಿಸಿದಂತಾಗುವುದು. ಕೃತಜ್ಞತೆಯೆಂದರೆ ಇದೇ. ಅದು ತುಂಬಿದ ಹಗೇವಿನ ಮುಂದೆ ನಿಂತು ಹೇಳುವ ಸಂತೋಷದ ಮಾತು ಮಾತ್ರವಲ್ಲ. ಗೇಣುದ್ದದ ಪೈರಿನ ಮುಂದೆ ನಿಂತು, ಮುಂದೇನಾಗುವುದೋ ತಿಳಿಯದಿರುವಾಗ, ಇದ್ದುದರಲ್ಲಿ ಮೊದಲ ಪಾಲನ್ನು ಎತ್ತಿ ಕೊಡುವ ಧೈರ್ಯವದು.

ಈ ಹುಣ್ಣಿಮೆಯಂದು ಪ್ರತಿಯೊಂದು ಮನೆಯೂ ತನ್ನನ್ನು ತಾನು ಕೇಳಿಕೊಳ್ಳತಕ್ಕ ಪ್ರಶ್ನೆಗಳು ಮೂರು. ಈ ವರ್ಷ ನಮ್ಮ ತುತ್ತಿಗೆ ಕಾರಣರಾದವರಲ್ಲಿ ನಾವು ಯಾರನ್ನು ಮರೆತಿದ್ದೇವೆ? ಇದ್ದುದು ಸಾಕೆಂದು ಹೇಳುವ ಲಕ್ಕಮ್ಮನವರ ಧ್ವನಿಯು ನಮ್ಮ ಮನೆಯಲ್ಲಿ ಕೇಳುತ್ತಿದೆಯೆ? ನಮ್ಮ ಚರಗದ ಅನ್ನವು ಹೊಲದ ಬದುವನ್ನು ದಾಟಿ ಹಸಿದ ಮನುಷ್ಯನವರೆಗೆ ತಲುಪಿದೆಯೆ?

ಹುಣ್ಣಿಮೆಯ ಸಂಜೆ ಬರಿಯ ಬುಟ್ಟಿಗಳನ್ನು ಹೊತ್ತು ಮನೆಮಂದಿಯು ಹೊಲದಿಂದ ಮರಳುವಾಗ ಮೂಡಣದಲ್ಲಿ ಚಂದ್ರನು ಏರುತ್ತಿರುವನು. ಬುಟ್ಟಿಯು ಬರಿದಾದುದಕ್ಕೆ ಆ ಹೊತ್ತು ಯಾರೂ ಮರುಗುವುದಿಲ್ಲ; ಚೆನ್ನಾಗಿ ಹಂಚಿಹೋಯಿತೆಂದು ಹಿರಿಯರು ಸಂತೋಷಪಡುವರು. ಆ ಸಂತೋಷವು ಒಂದು ದಿನಕ್ಕೇ ಮುಗಿಯದೆ ವರ್ಷದ ಎಲ್ಲ ದಿನಗಳಿಗೂ ಹಬ್ಬಲಿ. ಸದ್ಭಕ್ತರ ಮನೆಗಳಲ್ಲಿ ಕಾಯಕವೂ ದಾಸೋಹವೂ ಒಂದಕ್ಕೊಂದು ಹೆಗಲು ಕೊಟ್ಟು ಸಾಗಲಿ.